ನೋವು ನಿಂತ ಹಲ್ಲು

ಹೋದ ಶ್ರಾವಣದಲ್ಲಿ ನನ್ನ ಹಲ್ಲುನೋವು ತಾನಾಗಿಯೇ ನಿಂತುಹೋಯಿತು. ಹದಿನೈದು ದಿನ ರಾತ್ರಿಯೆಲ್ಲಾ ದಿಂಬಿಗೆ ಕೆನ್ನೆ ಒತ್ತಿಕೊಂಡು ಒದ್ದಾಡಿದವನು ಒಂದು ಬೆಳಿಗ್ಗೆ ಎದ್ದು ಬಿಸಿ ಚಹಾ ಕುಡಿದೆ. ಏನೂ ಆಗಲಿಲ್ಲ. ತಣ್ಣೀರು ಮುಕ್ಕಳಿಸಿದೆ. ಜುಮ್ಮೆನ್ನಲಿಲ್ಲ. "ನೋಡಿದ್ಯಾ, ಲವಂಗ ಹೆಂಗೆ ಕೆಲಸ ಮಾಡ್ತು" ಎಂದು ಹೆಂಡತಿಗೆ ಹೇಳಿದೆ. "ಆದ್ರೂ ಒಂದ್ಸಲ ತೋರಿಸ್ಕೊಂಡು ಬರ್ರಿ" ಎಂದಳು. ನೋವೇ ಇಲ್ಲದ ಹಲ್ಲನ್ನು ಯಾರಾದರೂ ಡಾಕ್ಟರಿಗೆ ತೋರಿಸುತ್ತಾರಾ? ನಾನಂತೂ ತೋರಿಸಲಿಲ್ಲ. ಅಂಗಡಿಗೆ ಹೋಗಿ ಖುಷಿಗೆ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡೆ.

ದಾವಣಗೆರೆಯಲ್ಲಿ ನನ್ನದೊಂದು ಕಿರಾಣಿ ಅಂಗಡಿ ಇದೆ. ಕಿರಾಣಿ ಅಂಗಡಿಯವನ ಬಾಯಿ ಸುಮ್ನೆ ಇರೋದಿಲ್ಲ. ಪೆಂಟೆ ಬೆಲ್ಲ ಒಡೆಯುವಾಗ ಸಿಡಿದ ಚೂರು, ಪೊಟ್ಟಣ ಕಟ್ಟುವಾಗ ನಾಲ್ಕು ಪುಠಾಣಿ, ಶೇಂಗಾ ಚೆನ್ನಾಗಿದೆಯಾ ಎಂದು ನೋಡಲು ಒಂದು ಮುಷ್ಟಿ, ಗಿರಾಕಿ ಇಲ್ಲದಾಗ ಕಲ್ಲುಸಕ್ಕರೆ. ಯಾವುದೂ ಜಾಸ್ತಿ ಅಲ್ಲ. ಎಲ್ಲಾ ಸೇರಿಸಿದರೂ ದಿನಕ್ಕೆ ಅರ್ಧ ಬಟ್ಟಲು ಆಗಲಿಕ್ಕಿಲ್ಲ. ನನಗೆ ಸಿಹಿ ತಿನ್ನುವ ಚಟ ಇಲ್ಲ ಎಂದೇ ಅಂದುಕೊಂಡಿದ್ದೆ.

ಎಡಗಡೆ ಕೆಳದವಡೆ ಹಲ್ಲಿನಲ್ಲಿ ಕಪ್ಪು ಚುಕ್ಕೆ ಇದ್ದದ್ದು ನನಗೆ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ ನಮ್ಮ ಓಣಿಯಲ್ಲಿ ದಂತ ತಪಾಸಣೆ ಶಿಬಿರ ನಡೆದಿತ್ತು. ಪುಕ್ಕಟೆ ಅಂತ ಹೋಗಿ ಬಾಯಿ ತೆಗೆದಿದ್ದೆ. "ಸಣ್ಣ ಹುಳುಕು ಇದೆ, ಸಿಮೆಂಟ್ ಹಾಕಿಸಿಬಿಡಿ, ಅರ್ಧ ಗಂಟೆ ಕೆಲಸ" ಎಂದು ಒಬ್ಬ ಹುಡುಗ ಚೀಟಿ ಬರೆದುಕೊಟ್ಟಿದ್ದ. ಖರ್ಚು ಮುನ್ನೂರೋ ನಾನೂರೋ ಅಂದಿದ್ದ. ಚೀಟಿ ಗಲ್ಲಾಪೆಟ್ಟಿಗೆಯಲ್ಲಿ ಬಹಳ ದಿನ ಇತ್ತು. ಆಮೇಲೆ ಅದರ ಹಿಂದೆ ಯಾರದೋ ಉದ್ರಿ ಲೆಕ್ಕ ಬರೆದೆ.

ಚುಕ್ಕೆ ತೂತಾಯಿತು. ತೂತಿಗೆ ಶೇಂಗಾ ಸಿಕ್ಕಿಕೊಳ್ಳತೊಡಗಿತು. ಬೆಂಕಿಕಡ್ಡಿಯಿಂದ ತೆಗೆಯುವುದು ಅಭ್ಯಾಸವಾಯಿತು. ಮೊದಲು ತಣ್ಣನೆಯದು ಜುಮ್ಮೆಂದಿತು, ಆಮೇಲೆ ಬಿಸಿ. ಕೊನೆಗೆ ಏನೂ ತಿನ್ನದೆಯೂ ನೋವು ಶುರುವಾಯಿತು. ಹಗಲು ಹೇಗೋ ವ್ಯಾಪಾರದಲ್ಲಿ ಕಳೆಯುತ್ತಿತ್ತು. ರಾತ್ರಿ ತಲೆ ದಿಂಬಿಗೆ ತಾಗಿದ ಕೂಡಲೇ ಕಿವಿಯವರೆಗೆ ಸಿಡಿಯುತ್ತಿತ್ತು. ಎದ್ದು ಕೂತರೆ ಸ್ವಲ್ಪ ಕಡಿಮೆ. ಹಾಗಾಗಿ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದ್ದೇನೆ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಹೆಚ್ಚುತ್ತದಂತೆ. ಹಲ್ಲಿನೊಳಗಿನ ನರ ಊದಿಕೊಂಡಿದ್ದರೆ ಅದಕ್ಕೆ ಹಿಗ್ಗಲು ಜಾಗ ಇಲ್ಲ, ಸುತ್ತ ಕಲ್ಲಿನಂಥ ಗೋಡೆ. ಇದೆಲ್ಲಾ ಆಮೇಲೆ ತಿಳಿದಿದ್ದು. ಆಗ ಗೊತ್ತಿದ್ದದ್ದು ಲವಂಗ ಒಂದೇ. ಅಂಗಡಿಯಲ್ಲೇ ಇತ್ತು. ಜಜ್ಜಿ ಜಜ್ಜಿ ಇಟ್ಟು ಪಕ್ಕದ ವಸಡೂ ಸುಟ್ಟುಕೊಂಡೆ.

ಆಮೇಲೆ ಆ ಶ್ರಾವಣದ ಬೆಳಿಗ್ಗೆ ಬಂತು. ನೋವು ಹೋಯಿತು. ಏಳು ತಿಂಗಳು ನೆಮ್ಮದಿಯಾಗಿದ್ದೆ.

ನಮ್ಮೂರಲ್ಲಿ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಮನೆ ತುಂಬ ನೆಂಟರು, ಅಂಗಡಿ ತುಂಬ ಗಿರಾಕಿ. ಆ ವಾರ ಹಲ್ಲಿನ ಬುಡದಲ್ಲಿ ಏನೋ ಮಂದ ಭಾರ ಅನಿಸುತ್ತಿತ್ತು. ಹಲ್ಲು ಸ್ವಲ್ಪ ಎತ್ತರ ಆದಂತೆ, ಬಾಯಿ ಮುಚ್ಚಿದರೆ ಅದೇ ಮೊದಲು ತಾಗಿದಂತೆ. ಜಾತ್ರೆ ಮುಗಿಯಲಿ ಅಂದುಕೊಂಡೆ. ಜಾತ್ರೆ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಕನ್ನಡಿಯಲ್ಲಿ ನೋಡಿಕೊಂಡರೆ ಎಡಗೆನ್ನೆ ಒಳಗೆ ನಿಂಬೆಹಣ್ಣು ಇಟ್ಟುಕೊಂಡಂತಿತ್ತು. ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿಲ್ಲ. ಮೈ ಬಿಸಿ. ಎಂಟು ವರ್ಷದ ಮಗಳು ನೋಡಿ ನಕ್ಕಳು, ಆಮೇಲೆ ಹೆದರಿದಳು.

ಒಂದು ಕ್ಲಿನಿಕ್ಕಿಗೆ ಹೋದೆ. ರೂಟ್ ಕೆನಾಲ್ ಅಂದರೆ ಹಲ್ಲಿನ ಬೇರಿನೊಳಗಿನ ನಾಳ ತೊಳೆದು ತುಂಬುವುದು, ಮೇಲೊಂದು ಕ್ಯಾಪ್, ಎರಡೂ ಸೇರಿ ಒಂಬತ್ತು ಸಾವಿರ ಅಂದರು. ಅದು ಜಾಸ್ತಿಯೇನಲ್ಲ ಎಂದು ಈಗ ಅನಿಸುತ್ತದೆ. ಆದರೆ ಅವತ್ತು ಗಲ್ಲಾದಲ್ಲಿದ್ದ ದುಡ್ಡೆಲ್ಲಾ ಜಾತ್ರೆಯ ಮಾಲಿಗೆ ಹೋಗಿತ್ತು. ಡೆಂಟಲ್ ಕಾಲೇಜಿಗೆ ನಡೆದೆ. ದಾವಣಗೆರೆಯವರಿಗೆ ಈ ಒಂದು ಅನುಕೂಲ ಇದೆ. ದೇಶದಲ್ಲೇ ಡೆಂಟಲ್ ಕಾಲೇಜು ಹೆಚ್ಚಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಕಾಲೇಜು ಇದ್ದ ಕಡೆ ಕಲಿಯುವ ಮಕ್ಕಳಿಗೆ ಹಲ್ಲು ಬೇಕು, ನಮಗೆ ಕಡಿಮೆ ಖರ್ಚು ಬೇಕು.

ಐವತ್ತು ರೂಪಾಯಿ ಕೊಟ್ಟು ಚೀಟಿ ಮಾಡಿಸಿ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಜಗಳೂರು ಕಡೆಯ ಒಬ್ಬ ಅಜ್ಜ. ಬಾಯಲ್ಲಿ ಮೇಲೆ ಕೆಳಗೆ ಒಂದೂ ಹಲ್ಲಿಲ್ಲ. ಬಿಪಿಎಲ್ ಕಾರ್ಡ್ ಇರುವ ವಯಸ್ಸಾದವರಿಗೆ ಸರ್ಕಾರದ ದಂತ ಭಾಗ್ಯ ಯೋಜನೆಯಲ್ಲಿ ಹಲ್ಲಿನ ಸೆಟ್ ಪುಕ್ಕಟೆ ಸಿಗುತ್ತದೆ, ಅದಕ್ಕೆ ಅಳತೆ ಕೊಡಲು ಬಂದಿದ್ದರು. ನನ್ನ ಕೆನ್ನೆ ನೋಡಿ, "ಕೀಳ್ಸಾಕೆ ಬಂದೀಯಾ ತಮ್ಮಾ?" ಎಂದರು.

"ಹೌದಜ್ಜ, ಕಿತ್ತು ಬಿಸಾಕಿದ್ರೆ ಆಯ್ತು."

"ನಾನೂ ಹಂಗೇ ಒಂದು ಕೀಳ್ಸಿದೆ. ಬೇಲಿ ಗೂಟ ಕಿತ್ತಂಗೆ ಆತು. ಪಕ್ಕದ್ದು ವಾಲ್ತು, ಮೇಲಿಂದು ಇಳೀತು, ಎಲ್ಲಾ ಸಡ್ಲ ಆದ್ವು."

ಅಜ್ಜ ಹೇಳಿದ್ದನ್ನೇ ಅರ್ಧ ಗಂಟೆ ಬಿಟ್ಟು ಡಾಕ್ಟರೂ ಹೇಳಿದರು, ಬೇರೆ ಮಾತಿನಲ್ಲಿ. ಖಾಲಿ ಜಾಗಕ್ಕೆ ಅಕ್ಕಪಕ್ಕದ ಹಲ್ಲು ವಾಲುತ್ತವೆ, ಎದುರಿನ ಹಲ್ಲು ಕೆಳಗಿಳಿಯುತ್ತದೆ, ಸಂದಿಯಲ್ಲಿ ಅನ್ನ ಸಿಕ್ಕಿಕೊಂಡು ಹೊಸ ಹುಳುಕು ಶುರುವಾಗುತ್ತದೆ. ಬೇಲಿ ಗೂಟದ ಮಾತೇ ನನಗೆ ನೆನಪಿರೋದು.

ನನ್ನ ಹಲ್ಲು ನೋಡಿದವರು ವಿಜಯಪುರ ಕಡೆಯ ಹುಡುಗಿ. ಎಂಡಿಎಸ್ ಓದುತ್ತಿದ್ದಾರೆ. ಐದು ವರ್ಷದ ಬಿಡಿಎಸ್ ಮುಗಿಸಿ ಮತ್ತೆ ಮೂರು ವರ್ಷ ಬರೀ ಹಲ್ಲಿನ ಒಳಗಿನದನ್ನೇ ಓದುವುದಂತೆ. "ಬಾಯಿ ತೆಗೀರಿ ಕಾಕಾ" ಎಂದರು. ನಲವತ್ತಾರಕ್ಕೇ ಕಾಕಾ ಆದೆ. ಬಿಪಿ, ಶುಗರ್ ಕೇಳಿದರು. ಕನ್ನಡಿಯ ಹಿಡಿಯಿಂದ ಒಂದೊಂದೇ ಹಲ್ಲು ತಟ್ಟಿದರು. ಆ ಹಲ್ಲಿಗೆ ಬಂದಾಗ ಕುರ್ಚಿಯಿಂದ ಎದ್ದೇಬಿಟ್ಟೆ. ಆಮೇಲೆ ಐಸಿನಂಥದ್ದೇನೋ ಹಚ್ಚಿದರು. ಪಕ್ಕದ ಹಲ್ಲು ಜುಮ್ ಅಂದಿತು. ಇದಕ್ಕೆ ಹಚ್ಚಿದಾಗ ಏನೂ ಇಲ್ಲ.

"ತಣ್ಣಗ ಆಗ್ಲಿಲ್ಲೇನ್ರಿ?"

"ಇಲ್ಲಮ್ಮ. ಇದು ಶ್ರಾವಣದಲ್ಲೇ ವಾಸಿ ಆಗಿತ್ತು."

ಅವರು ನಗಲಿಲ್ಲ. ಎಕ್ಸ್-ರೇ ತೆಗೆಸಿ ಪರದೆಯ ಮೇಲೆ ತೋರಿಸಿದರು. ಬೇರಿನ ತುದಿಯಲ್ಲಿ ಒಂದು ಕಪ್ಪು ನೆರಳು. ಅಲ್ಲಿ ಮೂಳೆ ಕರಗಿದೆ. "ಕಾಕಾ, ಶ್ರಾವಣದಾಗ ನೋವು ನಿಂತಿದ್ದು ಯಾಕ ಅಂದ್ರ, ಒಳಗಿನ ನರ ಅವತ್ತ ಸತ್ತತ್ರಿ. ನೋವು ಹೇಳಾಕ ಯಾರೂ ಉಳೀಲಿಲ್ಲ. ಸೋಂಕು ಮಾತ್ರ ಕೆಳಗ ಇಳೀತಾನ ಇತ್ತು."

ನಾನು ಪರದೆ ನೋಡುತ್ತಾ ಕೂತೆ. ಏಳು ತಿಂಗಳು ನಾನು ನೆಮ್ಮದಿ ಅಂದುಕೊಂಡದ್ದು ಅದು.

ಅವತ್ತು ಮಾಡಿದ್ದು ಇಷ್ಟೇ. ದವಡೆಯ ಹಿಂದೆ ಸೂಜಿ ಚುಚ್ಚಿದರು. ಐದು ನಿಮಿಷಕ್ಕೆ ಅರ್ಧ ತುಟಿ, ಅರ್ಧ ನಾಲಿಗೆ ಬೇರೆಯವರದ್ದಾಯಿತು. ಹಲ್ಲಿನ ನೆತ್ತಿ ಕೊರೆದರು. ಕೀವು ಬಂತು, ಜೊತೆಗೆ ಒಂದು ಕೆಟ್ಟ ವಾಸನೆ. ನನ್ನ ಬಾಯಿಂದ ಬಂದದ್ದೆಂದು ನಾಚಿಕೆಯಾಯಿತು. ಒತ್ತಡ ಇಳಿದ ಕೂಡಲೇ ಕೆನ್ನೆಯ ಸಿಡಿತ ಅರ್ಧ ಕಡಿಮೆಯಾಯಿತು. ಐದು ದಿನಕ್ಕೆ ಆಂಟಿಬಯಾಟಿಕ್ ಬರೆದು, ಬಾವು ಇಳಿದ ಮೇಲೆ ಬನ್ನಿ ಎಂದರು. ಮಾತ್ರೆ ತಿಂದರೆ ಹಲ್ಲಿಗೆ ಬೇರೇನೂ ಬೇಡವಾ ಎಂದು ಆಸೆಯಿಂದ ಕೇಳಿದೆ. ಸತ್ತ ನರದೊಳಗೆ ರಕ್ತ ಹರಿಯುವುದಿಲ್ಲ, ರಕ್ತ ಹೋಗದ ಕಡೆ ಮಾತ್ರೆ ಹೋಗುವುದಿಲ್ಲ ಎಂದರು. ಒಳಗೆ ಕೈ ಹಾಕಿ ತೊಳೆಯಲೇಬೇಕು.

ಎರಡನೇ ಸಲ ಹೋದಾಗ ನಿಜವಾದ ಕೆಲಸ ಶುರುವಾಯಿತು. ಹಸಿರು ರಬ್ಬರ್ ಹಾಳೆಗೆ ತೂತು ಮಾಡಿ ಆ ಒಂದು ಹಲ್ಲು ಮಾತ್ರ ಹೊರಗೆ ಕಾಣುವಂತೆ ಬಾಯಿ ಮುಚ್ಚಿದರು. ಉಗುಳು ಒಳಗೆ ಹೋಗಬಾರದು, ಮದ್ದು ಗಂಟಲಿಗೆ ಇಳಿಯಬಾರದು. ಈ ಹಾಳೆ ಬಂದ ಮೇಲೆ ರೋಗಿ ಮಾತಾಡುವಂತಿಲ್ಲ. ಅದೂ ಅವರಿಗೆ ಅನುಕೂಲವೇ. ಆಮೇಲೆ ಕೂದಲೆಳೆಯಂಥ ಫೈಲುಗಳು, ಅಂದರೆ ಬೇರಿನೊಳಗೆ ಉಜ್ಜುವ ಸಣ್ಣ ಅರಗಳು ಬಂದವು. ಬಿಳಿ, ಹಳದಿ, ಕೆಂಪು, ನೀಲಿ ಹಿಡಿ. ಬಣ್ಣ ಬದಲಾದಂತೆ ದಪ್ಪ ಜಾಸ್ತಿ. ತುಟಿಗೊಂದು ಕೊಕ್ಕೆ ಹಾಕಿ, ಫೈಲಿಗೊಂದು ಕ್ಲಿಪ್ ಸಿಕ್ಕಿಸಿ ಒಂದು ಸಣ್ಣ ಯಂತ್ರಕ್ಕೆ ಜೋಡಿಸಿದರು. ಫೈಲು ಬೇರಿನ ತುದಿ ಮುಟ್ಟುತ್ತಾ ಬಂದಂತೆ ಅದು ಕುಂಯ್ ಕುಂಯ್ ಅಂತ ಬೇಗ ಬೇಗ ಕೂಗುತ್ತದೆ.

ನಾವು ಭದ್ರಾ ನಾಲೆ ನೋಡಿ ಬೆಳೆದವರು. ಕೆನಾಲ್ ಅಂದರೆ ನಮಗೆ ಅದೇ. ನಾಲೆಯ ಕೊನೆ ಭಾಗದ ರೈತರು ಪ್ರತಿ ವರ್ಷ ನೀರು ಮುಟ್ಟಲಿಲ್ಲ ಎಂದು ರಸ್ತೆಗೆ ಬರುತ್ತಾರಲ್ಲ, ಇಲ್ಲೂ ಅದೇ ಪಂಚಾಯ್ತಿ. ಕೊನೆಯವರೆಗೆ ಮುಟ್ಟಿ ತೊಳೆಯದಿದ್ದರೆ ಕೆಲಸ ಕೆಟ್ಟಿತು. ತುದಿ ದಾಟಿದರೂ ಕೆಟ್ಟಿತು. ಅದಕ್ಕೇ ಪ್ರತಿ ಹಂತದಲ್ಲೂ ಅವರ ಪ್ರೊಫೆಸರ್ ಮೇಡಂ ಬಂದು ನೋಡಬೇಕು. ಅವರು ಬರುವ ತನಕ ನಾನು ಬಾಯಿ ತೆಗೆದುಕೊಂಡು ಸೀಲಿಂಗಿನ ಫ್ಯಾನು ನೋಡುತ್ತಿರಬೇಕು. ಕ್ಲಿನಿಕ್ಕಿನಲ್ಲಿ ಮುಕ್ಕಾಲು ಗಂಟೆಗೆ ಮುಗಿಯುವುದು ಇಲ್ಲಿ ಮೂರು ಗಂಟೆ. ಉಳಿದ ದುಡ್ಡಿನಲ್ಲಿ ಮುಚ್ಚಿದ ಅಂಗಡಿಯ ವ್ಯಾಪಾರವನ್ನೂ ಕಳೆಯಬೇಕು, ಅಲ್ವಾ? ಸಮಯ ಇಲ್ಲದವರು ಕ್ಲಿನಿಕ್ಕಿಗೆ ಹೋಗುವುದೇ ಸರಿ.

ಆದರೆ ಆ ಮೇಡಂ ಬಂದದ್ದು ನನ್ನ ಪುಣ್ಯ. ಆ ಹಲ್ಲಿಗೆ ಎರಡು ಬೇರು, ಸಾಮಾನ್ಯವಾಗಿ ಮೂರು ಕೆನಾಲ್. ಹುಡುಗಿ ಮೂರನ್ನೂ ಹುಡುಕಿ ತೊಳೆದಿದ್ದರು. ಮೇಡಂ ಬಗ್ಗಿ ನೋಡಿ, ಹಿಂದಿನ ಬೇರಿನಲ್ಲಿ ಇನ್ನೊಂದು ಇರಬಹುದು ನೋಡು ಎಂದರು. ಇತ್ತು! ನಾಲ್ಕನೆಯದು. ಅದು ಉಳಿದಿದ್ದರೆ ಒಂದೋ ಎರಡೋ ವರ್ಷಕ್ಕೆ ಮತ್ತೆ ಕೆನ್ನೆ ಊದುತ್ತಿತ್ತೇನೋ. ಬೇರೆ ಕಡೆ ರೂಟ್ ಕೆನಾಲ್ ಮಾಡಿಸಿಯೂ ನೋವು ಹೋಗಲಿಲ್ಲ ಎಂದು ಬಯ್ಯುವವರನ್ನು ಕೇಳಿದ್ದೆ. ಕೆಲವರದ್ದು ಇಂಥದ್ದೇ ಇರಬೇಕು.

ತೊಳೆಯುವ ನೀರಿನ ವಾಸನೆ ಗುರುತು ಸಿಕ್ಕಿತು. ಬಟ್ಟೆ ಬೆಳ್ಳಗಾಗಲು ನಾನು ಅಂಗಡಿಯಲ್ಲಿ ಮಾರುವ ಬ್ಲೀಚಿನದೇ ಜಾತಿ. ಅದರ ಮೇಲೆ ಒಂದು ಬಿಳಿ ಮದ್ದು ತುಂಬಿ ಎರಡು ವಾರ ಬಿಟ್ಟರು. ಏನಿದು ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂದರು. ಅಂದರೆ ಸುಣ್ಣ. ಎಲೆ ಅಡಿಕೆಗೆ ಹಚ್ಚುವುದೂ ಅದೇ. ಮೇಲೆ ಮುಚ್ಚಿದ ತಾತ್ಕಾಲಿಕ ಸಿಮೆಂಟಿನಲ್ಲಿ ಲವಂಗದ ಎಣ್ಣೆಯ ವಾಸನೆ! ಮನೆಗೆ ಬಂದು ಹೆಂಡತಿಗೆ, "ಲವಂಗ ಅವ್ರೂ ಹಾಕ್ತಾರೆ ಕಣೇ" ಎಂದೆ. ಲವಂಗದಲ್ಲಿರುವ ಯೂಜಿನಾಲ್ ನೋವನ್ನು ಮಂಕು ಮಾಡುತ್ತದೆ, ನಿಜ. ಆದರೆ ತೂತು ಮುಚ್ಚುವುದಿಲ್ಲ, ಸೋಂಕು ತೆಗೆಯುವುದಿಲ್ಲ. ನಾನು ಅದನ್ನು ಡಾಕ್ಟರ್ ಮಾಡಿ ಕೂರಿಸಿದ್ದೆ.

ಅಜ್ಜಿಯ ಕಾಲದ ಇನ್ನೊಂದು ಮದ್ದಿನ ಬಗ್ಗೆಯೂ ಕೇಳಿದೆ. ನಮ್ಮ ಹಳ್ಳಿಗೆ ಹಲ್ಲಿನ ಹುಳ ತೆಗೆಯುವವಳು ಬರುತ್ತಿದ್ದಳು. ಕೆಂಡದ ಮೇಲೆ ನೆಲಗುಳ್ಳದ ಬೀಜ ಹಾಕಿ ಹೊಗೆ ಬಾಯಿಗೆ ಹಿಡಿಸಿ, ಬಟ್ಟಲ ನೀರಿನಲ್ಲಿ ಬಿಳಿ ಹುಳ ತೋರಿಸುತ್ತಿದ್ದಳು. ನಾನೇ ಕಣ್ಣಾರೆ ನೋಡಿದ್ದೇನೆ. ಹುಡುಗಿ ನಕ್ಕರು. ಬಿಸಿಗೆ ಬೀಜ ಸಿಡಿದು ಒಳಗಿನ ಮೊಳಕೆ ಹೊರಗೆ ಬರುತ್ತದೆ, ನೀರಲ್ಲಿ ಅದು ಹುಳದ ಹಾಗೇ ಕಾಣುತ್ತದೆ ಎಂದರು. ಹಲ್ಲು ಕೊರೆಯುವ ಹುಳ ಇಲ್ಲ. ಬಾಯಲ್ಲಿರುವ ಬ್ಯಾಕ್ಟೀರಿಯಾ ಸಿಹಿ ತಿಂದು ಹುಳಿ ಬಿಡುತ್ತವೆ. ಆ ಹುಳಿ ಎನಾಮಲ್ ಅಂದರೆ ಹಲ್ಲಿನ ಹೊರಪದರ ಕರಗಿಸುತ್ತದೆ. ಮೈಯಲ್ಲಿ ಎಲ್ಲಕ್ಕಿಂತ ಗಟ್ಟಿ ಇರುವುದು ಅದೇ, ಆದರೆ ಒಮ್ಮೆ ತೂತಾದರೆ ತಾನಾಗಿ ಮತ್ತೆ ಬೆಳೆಯುವುದಿಲ್ಲ.

"ಸಿಹಿ ಭಾಳ ತಿಂತೀರೇನ್ರಿ?"

"ಇಲ್ಲವೇ ಇಲ್ಲ. ಅಂಗಡೀಲಿ ಕೂತಾಗ ಒಂದು ಚೂರು, ಅಷ್ಟೇ."

"ಎಷ್ಟ ತಿಂತೀರಿ ಅಂತ ಬಿಡ್ರಿ ಕಾಕಾ. ದಿನಕ್ಕ ಎಷ್ಟ ಸಲ ಬಾಯಾಗ ಹಾಕ್ಕೋತೀರಿ ಹೇಳ್ರಿ."

ಎಣಿಸಲು ಹೋದೆ. ಹನ್ನೆರಡಕ್ಕೆ ಬಂದಾಗ ಮಧ್ಯಾಹ್ನವೂ ಆಗಿರಲಿಲ್ಲ. ಒಂದು ಚೂರು ಬೆಲ್ಲ ತಿಂದರೂ ಬಾಯಿ ಅರ್ಧ ಗಂಟೆಯವರೆಗೆ ಹುಳಿಯಾಗಿ ಇರುತ್ತದೆ. ಆಮೇಲೆ ಜೊಲ್ಲು ಮೆಲ್ಲಗೆ ಅದನ್ನು ಸರಿಮಾಡುತ್ತದೆ, ಕರಗಿದ್ದಕ್ಕೆ ಸುಣ್ಣದಂಶ ವಾಪಸ್ ತುಂಬುತ್ತದೆ. ಅಷ್ಟರಲ್ಲಿ ನಾನು ಇನ್ನೊಂದು ಚೂರು ಹಾಕಿಕೊಂಡಿರುತ್ತಿದ್ದೆ. ಹಬ್ಬದ ಊಟದಲ್ಲಿ ನಾಲ್ಕು ಹೋಳಿಗೆ ಒಟ್ಟಿಗೆ ತಿಂದವನ ಹಲ್ಲಿಗಿಂತ ನನ್ನ ಹಲ್ಲಿಗೇ ಕಷ್ಟ ಜಾಸ್ತಿ. ಪುಠಾಣಿ, ಮಂಡಕ್ಕಿ ಕೂಡ ಸಂದಿಯಲ್ಲಿ ಅಂಟಿಕೊಂಡು ಕೂತರೆ ಅದೇ ಕೆಲಸ ಮಾಡುತ್ತವೆ. ಇದನ್ನು ನಾನು ನಂಬಲು ಸ್ವಲ್ಪ ದಿನ ಹಿಡಿಯಿತು. ವ್ಯಾಪಾರಿಗೆ ತೂಕದ ಲೆಕ್ಕ ಅರ್ಥವಾಗುತ್ತದೆ, ಸಲದ ಲೆಕ್ಕ ಅಲ್ಲ.

ಮೂರನೇ ಸಲ ಕೆನಾಲುಗಳನ್ನು ತುಂಬಿದರು. ತುಂಬಿದ್ದು ಗುಟ್ಟಾ ಪರ್ಚಾ ಎಂಬ ಅಂಟು. ಗುಲಾಬಿ ಬಣ್ಣದ ಊದಿನಕಡ್ಡಿ ತುದಿಯ ಹಾಗಿದೆ. ಮಲಯ ಕಡೆಯ ಮರದ ಹಾಲಿನಿಂದ ಮಾಡಿದ್ದು. ಮನೆಗೆ ಬಂದು ಮೊಬೈಲಿನಲ್ಲಿ ಓದಿದೆ. 1851ರಲ್ಲಿ ಇಂಗ್ಲೆಂಡಿನಿಂದ ಫ್ರಾನ್ಸಿಗೆ ಸಮುದ್ರದಡಿ ಎಳೆದ ಟೆಲಿಗ್ರಾಫ್ ತಂತಿಗೂ ನೀರು ಇಳಿಯದಂತೆ ಇದನ್ನೇ ಸುತ್ತಿದ್ದರಂತೆ. ಸಮುದ್ರದ ನೀರು ತಡೆದದ್ದು ನನ್ನ ಜೊಲ್ಲು ತಡೆಯದೇ ಇರುತ್ತದಾ?

ಅದೇ ದಿನ ಹಲ್ಲು ಕ್ಲೀನ್ ಮಾಡಿಸಿಕೊಳ್ಳಿ ಎಂದು ಇನ್ನೊಂದು ವಿಭಾಗಕ್ಕೆ ಕಳಿಸಿದರು. ಇದಕ್ಕೆ ನಾನು ಒಪ್ಪಲೇ ಇಲ್ಲ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತವೆ ಎಂದು ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತು. ಹೆಂಡತಿ ಕಣ್ಣು ಬಿಟ್ಟಳು, ಕೂತೆ. ಕೆಳಗಿನ ಮುಂದಿನ ಹಲ್ಲುಗಳ ಹಿಂದಿನಿಂದ ಹಳೇ ಗಾರೆಯಂಥ ಕಿಟ್ಟ ಚೂರು ಚೂರಾಗಿ ಬಿತ್ತು. ರಕ್ತವೂ ಬಂತು. ಮುಗಿದ ಮೇಲೆ ನಾಲಿಗೆ ಆಡಿಸಿದರೆ ಸಂದಿ ಸಂದಿ. ನೋಡಿ, ಸಡಿಲ ಆಯ್ತು ಎಂದೆ. ಸಂದಿ ಮೊದಲಿನಿಂದಲೂ ಇತ್ತು, ಕಿಟ್ಟ ತುಂಬಿಕೊಂಡಿತ್ತು ಅಷ್ಟೇ ಎಂದರು. ವಸಡು ಮತ್ತು ಮೂಳೆ ಹಿಂದೆ ಸರಿಯುವುದೇ ಆ ಕಿಟ್ಟದಿಂದ. ಹಲ್ಲು ಸಡಿಲ ಮಾಡುವುದು ಅದು. ಹದಿನೈದು ದಿನಕ್ಕೆ ಬ್ರಷ್ ಮಾಡುವಾಗ ರಕ್ತ ಬರುವುದು ನಿಂತಿತು. ಎಷ್ಟು ವರ್ಷದಿಂದ ಬರುತ್ತಿತ್ತೋ, ನಾನು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಬ್ರಷ್ ಮಾಡುವುದನ್ನೂ ನಲವತ್ತಾರನೇ ವಯಸ್ಸಿಗೆ ಕಲಿತೆ. ಚಿಕ್ಕವನಿದ್ದಾಗ ನಂಜನಗೂಡು ಹಲ್ಲುಪುಡಿ ಬೆರಳಿಗೆ ಹಚ್ಚಿ ತಿಕ್ಕುತ್ತಿದ್ದ ಕೈ ನನ್ನದು. ಬ್ರಷ್ ಹಿಡಿದರೂ ಪಾತ್ರೆ ಉಜ್ಜಿದಂತೆ ಅಡ್ಡಡ್ಡ ಉಜ್ಜುತ್ತಿದ್ದೆ. ಗಟ್ಟಿ ಬ್ರಷ್ಷೇ ಬೇಕು. ಹಲ್ಲಿನ ಕುತ್ತಿಗೆಯ ಹತ್ತಿರ ಸವೆದು ಕಚ್ಚು ಬಿದ್ದಿರುವುದನ್ನು ಕನ್ನಡಿಯಲ್ಲಿ ತೋರಿಸಿದರು. ಮೆತ್ತನೆ ಬ್ರಷ್, ವಸಡಿನ ಅಂಚಿನಲ್ಲಿ ಸಣ್ಣಗೆ ಸುತ್ತಿಸುವುದು, ಬಟಾಣಿಯಷ್ಟು ಪೇಸ್ಟ್. ರಾತ್ರಿಯದು ಬಿಡಲೇಬಾರದು, ಯಾಕಂದರೆ ನಿದ್ದೆಯಲ್ಲಿ ಜೊಲ್ಲು ಕಡಿಮೆ. ಉಗುಳಿದ ಮೇಲೆ ಚೊಂಬುಗಟ್ಟಲೆ ನೀರು ಹಾಕಿ ತೊಳೆಯಬೇಡಿ, ಪೇಸ್ಟಿನ ಫ್ಲೋರೈಡ್ ಸ್ವಲ್ಪ ಹೊತ್ತು ಹಲ್ಲಿನ ಮೇಲೆ ಇರಲಿ ಎಂದರು.

ಫ್ಲೋರೈಡ್ ಅಂದಾಗ ಹೆಂಡತಿ ಗಾಬರಿಯಾದಳು. ಅವಳ ತವರು ಪಾವಗಡ. ಅಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡಿಗೆ ಅವಳ ಅಣ್ಣಂದಿರ ಹಲ್ಲೆಲ್ಲಾ ಕಂದು ಪಟ್ಟೆ. ಡಾಕ್ಟರ್ ಬಿಡಿಸಿ ಹೇಳಿದರು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಮಕ್ಕಳು ಹಲ್ಲು ಬೆಳೆಯುವ ವಯಸ್ಸಿನಲ್ಲಿ ದಿನಾ ಕುಡಿದರೆ ಹಾಗಾಗುತ್ತದೆ. ಪೇಸ್ಟಿನದು ಮೇಲೆ ಹಚ್ಚಿ ಉಗುಳುವಂಥದ್ದು, ಅದು ಎನಾಮಲ್ ಗಟ್ಟಿ ಮಾಡುತ್ತದೆ. ಸಣ್ಣ ಮಕ್ಕಳು ಪೇಸ್ಟ್ ನುಂಗದಂತೆ ನೋಡಿಕೊಳ್ಳಬೇಕು, ಅಷ್ಟೇ. ಯಾವ ಪೇಸ್ಟಿನಲ್ಲಿ ಎಷ್ಟಿದೆ ಎಂದು ಡಬ್ಬಿಯ ಹಿಂದೆ ಬರೆದಿರುತ್ತದೆ ಎಂದರು. ಇಪ್ಪತ್ತು ವರ್ಷದಿಂದ ಪೇಸ್ಟ್ ಮಾರುತ್ತಿದ್ದೇನೆ. ಡಬ್ಬಿ ತಿರುಗಿಸಿ ರೇಟು, ತಾರೀಖು ಬಿಟ್ಟು ಬೇರೇನೂ ಓದಿರಲಿಲ್ಲ.

ಕ್ಯಾಪಿಗೆ ಮತ್ತೆ ಎರಡು ಸಲ ಓಡಾಟ. ಕ್ಯಾಪ್ ಯಾಕೆ ಬೇಕು, ದುಡ್ಡು ಕೀಳಲು ಅಂತ ನನಗೆ ಅನುಮಾನ ಇತ್ತು. ಒಳಗೆ ಟೊಳ್ಳಾದ ಹಲ್ಲು ಜಗಿಯುವ ಭಾರಕ್ಕೆ ಸೀಳುತ್ತದಂತೆ. ಸೀಳಿದರೆ ಮಾಡಿದ್ದೆಲ್ಲಾ ಹೊಳೆಗೆ. ಹಿಂದಿನ ಹಲ್ಲು, ಯಾರಿಗೂ ಕಾಣುವುದಿಲ್ಲ ಎಂದು ಲೋಹದ್ದೇ ಹಾಕಿಸಿದೆ. ಎಲ್ಲಾ ಸೇರಿ ನಾಲ್ಕು ಸಾವಿರದ ಚಿಲ್ಲರೆ, ಐದು ಸಲ ಹೋಗಿದ್ದು, ಸುಮಾರು ಎರಡು ತಿಂಗಳು. ಕೊನೆಯ ದಿನ ನೀಲಿ ಕಾಗದ ಕಚ್ಚಿಸಿ ಎತ್ತರ ಸರಿ ನೋಡಿ ಕಳಿಸಿದರು. ಜಗಳೂರಿನ ಅಜ್ಜ ಅವತ್ತೂ ಸಿಕ್ಕರು. ಬಾಯಿ ತುಂಬ ಹೊಸ ಹಲ್ಲು. "ಸೇಂಗಾ ಅನ್ನಾಕೆ ಬರವಲ್ದು, ಸೀಟಿ ಹೊಡೆದಂಗೆ ಆಕ್ಕತಿ" ಎಂದು ನಗುತ್ತಿದ್ದರು.

ಆ ದಿನ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಅವಳ ಹಿಂದಿನ ಹಲ್ಲು ನೋಡಿ, ಇದು ಹಾಲುಹಲ್ಲಲ್ಲ ಎಂದರು ಡಾಕ್ಟರ್. ನನಗೆ ಗೊತ್ತೇ ಇರಲಿಲ್ಲ. ಆರನೇ ವರ್ಷಕ್ಕೆ ಯಾವ ಹಲ್ಲೂ ಬೀಳದೆ, ಹಾಲುಹಲ್ಲಿನ ಸಾಲಿನ ಹಿಂದೆ ಸದ್ದಿಲ್ಲದೆ ಬರುತ್ತದೆ. ಬಿದ್ದು ಹೋಗುವ ಹಲ್ಲು ತಾನೇ ಎಂದು ಅಪ್ಪ ಅಮ್ಮ ಬಿಟ್ಟುಬಿಡುತ್ತಾರೆ. ಆದರೆ ಅದೇ ಕೊನೆತನಕದ್ದು. "ನಿಮ್ಮದು ಹಾಳಾತಲ್ರಿ ಕಾಕಾ, ಅದೂ ಇದ ಹಲ್ಲ." ಅಂದರೆ ನನ್ನದು ನಲವತ್ತು ವರ್ಷ ದುಡಿದಿತ್ತು. ಮಗಳ ಹಲ್ಲಿನ ಮೇಲೆ ಆಳವಾದ ಗೀರು ಇದ್ದವು. ಕೊಳೆ ಕೂರದಂತೆ ಅದಕ್ಕೆ ಒಂದು ತೆಳು ಅಂಟು ಹಚ್ಚಿ ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿದರು. ಸೂಜಿ ಇಲ್ಲ, ಕೊರೆಯುವುದಿಲ್ಲ, ಹತ್ತು ನಿಮಿಷ.

ಸಲದ ಲೆಕ್ಕದ ಮಾತು ಮಗಳ ಕಿವಿಗೂ ಬಿದ್ದಿತ್ತು. ಈಗ ಸಂಜೆ ಶಾಲೆಯಿಂದ ಅಂಗಡಿಗೆ ಬಂದವಳು ಗಲ್ಲಾದ ಹತ್ತಿರ ಕೂರುತ್ತಾಳೆ. ಉದ್ರಿ ಪುಸ್ತಕದ ಕೊನೆಯ ಹಾಳೆಯಲ್ಲಿ ನನ್ನ ಹೆಸರು ಬರೆದು, ನನ್ನ ಕೈ ಬಾಯಿಗೆ ಹೋದಾಗಲೆಲ್ಲಾ ಒಂದು ಗೀಟು ಎಳೆಯುತ್ತಾಳೆ. ನಿನ್ನೆ ಐದು ಗೀಟು. ನಾಲ್ಕೇ ಅಂದೆ. "ಬೆಲ್ಲದ ಡಬ್ಬಿ ಹಿಂದೆ ಬಗ್ಗಿದಾಗ ಒಂದು ಹಾಕ್ಕೊಂಡ್ರಿ ಅಪ್ಪಾ, ನೋಡ್ದೆ" ಎಂದಳು.